ಏಳರಲ್ಲಿ ಆರನೆಯದು

ಮೊನ್ನೆ ಗುರುಗ್ರಾಮದ ಲ್ಯಾಬೊಂದಕ್ಕೆ ರಕ್ತ ಕೊಡಲು ಹೋಗಿದ್ದೆ. ಅಲ್ಲಿನ ಹುಡುಗಿ ಹತ್ತಿಗೆ ಸ್ಪಿರಿಟ್ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೂಜಿ ಚುಚ್ಚುವ ಮೊದಲೇ ನನ್ನ ಕಣ್ಣಲ್ಲಿ ನೀರು. "ದರ್ದ್ ಹೋ ರಹಾ ಹೈ ಕ್ಯಾ?" ಅಂತ ಅವಳು ಗಾಬರಿಯಾದಳು. ಇಲ್ಲಮ್ಮಾ ತಾಯಿ, ನೀನು ಇನ್ನೂ ಚುಚ್ಚಿಯೇ ಇಲ್ಲ ಅನ್ನಬೇಕೆನಿಸಿತು. ಎಲ್ಲರೂ ಆಸ್ಪತ್ರೆಯದು ಅನ್ನುವ ಈ ವಾಸನೆ ನನಗೆ ಕ್ಯಾಸೆಟ್ಟಿನದು ಅಂತ ಅವಳಿಗೆ ಹೇಗೆ ಹೇಳಲಿ...

ದ್ವಾರಕಾದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಂಕಲ್ ಪ್ರತಿ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚುವುದಕ್ಕೂ ಮೊದಲು ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು. ಆ ವಾಸನೆ ನಮ್ಮ ಮನೆಗೂ ಬರುತ್ತಿತ್ತು. ನಾನು ಆಗಷ್ಟೇ ಮಂಡ್ಯದಿಂದ ಬಂದು ಗುರುಗ್ರಾಮದ ಒಂದು ಐಟಿ ಕಂಪನಿ ಸೇರಿದ್ದೆ. ಅದನ್ನು ಆಗ ಗುಡಗಾಂವ್ ಅನ್ನುತ್ತಿದ್ದರು. ಬಾಡಿಗೆ ಕಡಿಮೆ ಅಂತ ದ್ವಾರಕಾದಲ್ಲಿ ಮನೆ ಹಿಡಿದಿದ್ದೆ. ಎದುರು ಮನೆಯವರು ಕನ್ನಡದವರು ಅಂತ ಗೊತ್ತಾಗಿದ್ದು ಆಂಟಿ ತರಕಾರಿಯವನ ಹತ್ತಿರ "ಭಯ್ಯಾ, ಥೋಡಾ ಕರಿಬೇವು ಡಾಲ್ ದೋ" ಅಂತ ಜಗಳಕ್ಕೆ ನಿಂತಾಗ. ಬಾಗಿಲು ತೆಗೆದು "ಆಂಟಿ, ನನಗೂ ಸ್ವಲ್ಪ" ಅಂದೆ. ಅವತ್ತಿನಿಂದ ನನ್ನ ಸಂಜೆಯ ಕಾಫಿ ಅವರ ಮನೆಯಲ್ಲೇ.

ಅಂಕಲ್ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಸರ್ವಿಸ್ ಪೂರ್ತಿ ಅವರು ನೋಡಿಕೊಂಡದ್ದು ನೌಕರರ ಗೌಪ್ಯ ವರದಿಗಳನ್ನು. ಯಾರಿಗೆ 'ವೆರಿ ಗುಡ್', ಯಾರಿಗೆ ಬರೀ 'ಗುಡ್', ಬಡ್ತಿಯ ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ. ಆ ಚಾಳಿ ಮನೆಗೂ ಬಂದಿತ್ತು. ವರ್ಷಕ್ಕೆ ಏಳೇ ಏಳು ಆಲ್ಬಮ್ ಕೊಳ್ಳುತ್ತಿದ್ದರು. ಸಿನಿಮಾ, ಗಜಲ್, ಭಾವಗೀತೆ, ದೇವರನಾಮ, ಪಾಪ್, ಯಾವುದಾದರೂ ಸರಿ. ವರ್ಷ ಮುಗಿಯುವ ಹೊತ್ತಿಗೆ ಏಳಕ್ಕೂ ಒಂದರಿಂದ ಏಳರವರೆಗೆ ಸ್ಥಾನ ಕೊಟ್ಟು, ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಸ್ಥಾನವನ್ನು ಎಲ್ಲರೆದುರು ಓದಿ ಹೇಳುತ್ತಿದ್ದರು. ಅದರ ಪಕ್ಕದ ಷರಾ ಮಾತ್ರ ಗೌಪ್ಯ. ರಿಜಿಸ್ಟರ್ ಅಲ್ಮೆರಾದ ಲಾಕರಿನಲ್ಲಿ, ಆಂಟಿಯ ಬಳೆಗಳ ಜೊತೆ ಇರುತ್ತಿತ್ತು. ಬಳೆ ಕಳೆದರೂ ಇಷ್ಟು ಹೊಟ್ಟೆ ಉರಿಯಲ್ಲ ಇವರಿಗೆ ಅಂತ ಆಂಟಿ ನಗುತ್ತಿದ್ದರು.

ಇದರ ಮೇಲೆ ಇನ್ನೊಂದು ಸಂಭ್ರಮ. ಡಿಸೆಂಬರಿನ ಒಂದು ಭಾನುವಾರ ಸೊಸೈಟಿಯ ತಾರಸಿಯ ಮೇಲೆ, ಬಿಸಿಲಿಗೆ ಚಾಪೆ ಹಾಕಿ, ಹಳೆಯ ಯಾವುದಾದರೂ ಎರಡು ವರ್ಷಗಳ ಆಲ್ಬಮ್‌ಗಳನ್ನು ಮತ್ತೆ ಕೇಳಿ ಸ್ಥಾನಗಳನ್ನು ಪರಿಶೀಲಿಸುವುದು. ಅದಕ್ಕೆ ಅಂಕಲ್, ಆಂಟಿ, ಇನ್ನೊಬ್ಬರು ಸೇರಿ ಮೂವರ ಸಮಿತಿ. ಮೂರನೆಯವರಾಗಿದ್ದ ಅವರ ಹಳೆಯ ಸಹೋದ್ಯೋಗಿ ಊರಿಗೆ ಹೊರಟುಹೋದ ಮೇಲೆ ಆ ಜಾಗಕ್ಕೆ ನನ್ನನ್ನು ನೇಮಿಸಿದರು. ನೇಮಕದ ಆದೇಶವನ್ನು ಬಿಳಿ ಹಾಳೆಯಲ್ಲಿ ಬರೆದು, ಹಸಿರು ಶಾಯಿಯಲ್ಲಿ ಸಹಿ ಹಾಕಿ ಕೊಟ್ಟರು. ನಾನು ಬಿದ್ದು ಬಿದ್ದು ನಕ್ಕೆ. ಅಂಕಲ್ ನಗಲಿಲ್ಲ.

ಮೊದಲ ವರ್ಷವೇ ನನಗೂ ಅವರಿಗೂ ಹತ್ತಿಕೊಂಡಿತು. ನನ್ನ ಕಾಲೇಜಿನ ದಿನಗಳ ಒಂದು ಪಾಪ್ ಆಲ್ಬಮ್, ಹಾಸ್ಟೆಲ್ಲಿನಲ್ಲಿ ನಾವು ಟೇಪ್ ಸವೆಯುವಷ್ಟು ಕೇಳಿದ್ದು, ಅದನ್ನು ಈ ಮನುಷ್ಯ ಐದನೆಯ ಸ್ಥಾನಕ್ಕೆ ದೂಡಿದ್ದರು. "ಹಾಡುವವನು ಅಳ್ತಾ ಇದ್ದಾನೆ, ಆದರೆ ಅವನಿಗೆ ಯಾಕೆ ಅಳು ಅಂತ ಅವನಿಗೇ ಗೊತ್ತಿಲ್ಲಮ್ಮಾ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಿಮಗೇನು ಗೊತ್ತು ಆ ವಯಸ್ಸಿನ ಸಂಕಟ ಅಂತ ಕೂಗಾಡಿ, ಎರಡು ವಾರ ಅವರ ಮನೆ ಕಡೆ ತಲೆ ಹಾಕಲಿಲ್ಲ. ಕ್ಯಾಬಿನಲ್ಲಿ ಆಫೀಸಿಗೆ ಹೋಗುವಾಗ ಹಟಕ್ಕೆ ಅದನ್ನೇ ಕೇಳಿದೆ. ನಾಲ್ಕನೆಯ ದಿನಕ್ಕೆ ಅಂಕಲ್ ಹೇಳಿದ್ದು ಸರಿ ಅನ್ನಿಸತೊಡಗಿತು. ಹಾಳಾದ್ದು, ಆಮೇಲೆ ಆ ಹಾಡುಗಳನ್ನು ಮೊದಲಿನ ಹಾಗೆ ಕೇಳಲು ಆಗಲೇ ಇಲ್ಲ. ಹೋಗಿ ಹೇಳಿದೆ. "ಅಚ್ಛಾ" ಅಂದು ಕಾಫಿ ಕೊಡಿಸಿದರು, ಅಷ್ಟೇ. ಗೆದ್ದೆ ಅನ್ನುವ ಮುಖ ಮಾಡಲಿಲ್ಲ.

ತಮ್ಮದು ತಪ್ಪಿದ್ದರೂ ಅಷ್ಟೇ. ಒಂದು ಗಜಲ್ ಆಲ್ಬಮನ್ನು ಐದರಿಂದ ಎರಡಕ್ಕೆ ಏರಿಸಿದಾಗ ಕೆಳಗೆ ಬರೆದು, ಅದೊಂದನ್ನು ತಾವೇ ಓದಿ ಹೇಳಿದ್ದರು: 'ವರದಿ ಬರೆದ ದಿನ ವರದಿಗಾರನಿಗೆ ಜ್ವರವಿತ್ತು.' ಆದರೆ ಏರಿಸಬೇಕಾದರೆ ಕಾರಣ ಬೇಕು. ದಾಕ್ಷಿಣ್ಯಕ್ಕೆ ಒಂದೇ ಒಂದು ಸ್ಥಾನವೂ ಅಲುಗುತ್ತಿರಲಿಲ್ಲ.

ದ್ವಾರಕಾಗೆ ಮೆಟ್ರೋ ಬಂದ ಮರುವರ್ಷದ ಡಿಸೆಂಬರ್. ಆ ಸಲ ವರ್ಷ ಆರಿಸುವ ಸರದಿ ನನ್ನದು. ಎಂಬತ್ತರ ದಶಕದ ನಡುವಿನ ಒಂದು ವರ್ಷ ಹೇಳಿ, ಅದರ ಡಬ್ಬಿ ತೆರೆದೆ. ಏಳರಲ್ಲಿ ಒಂದು ಕ್ಯಾಸೆಟ್ಟಿನ ಮೇಲೆ ಉದ್ದ ಜಡೆಯ, ಮೂಗುಬೊಟ್ಟಿನ ಹೆಂಗಸಿನ ಚಿತ್ರ. ಎರಡು ಸಲ ನೋಡಿದೆ. ಆಂಟಿ! ದೆಹಲಿಯ ಕನ್ನಡದವರ ಒಂದು ಸಣ್ಣ ಭಜನಾ ಮಂಡಳಿ ಆಗ ಆಂಟಿಯ ಕೈಲಿ ಎಂಟು ದೇವರನಾಮ ಹಾಡಿಸಿ ಕ್ಯಾಸೆಟ್ ಮಾಡಿಸಿತ್ತಂತೆ. ಮೂರು ವರ್ಷದಿಂದ ದಿನಾ ಆ ಮನೆಯಲ್ಲಿ ಕೂರುತ್ತಿದ್ದೆ. ಆಂಟಿ ಹಾಡುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆರತಿಗೆ ಕೂಡ ಅವರು ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

ಆಂಟಿ ಚಾಪೆಯ ಅಂಚಿನಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. "ಅದನ್ನ ಬಿಡೇ, ಬೇರೆ ವರ್ಷ ತೆಗಿ" ಅಂದರು. ನಾನು ಬಿಡುವವಳೇ? "ಎಷ್ಟನೇ ಸ್ಥಾನ ಅಂಕಲ್?" ಅಂದೆ.

ಅಂಕಲ್ ರಿಜಿಸ್ಟರ್ ನೋಡಲಿಲ್ಲ. "ಆರು" ಅಂದರು.

ಏಳರಲ್ಲಿ ಆರು! ಕಟ್ಟಿಕೊಂಡ ಹೆಂಡತಿಯ ಮೊದಲನೆಯ ಕ್ಯಾಸೆಟ್ ಕಣ್ರೀ, ಇದ್ದದ್ದೂ ಅದೊಂದೇ. ಯಾಕೆ ಅಂತ ಆಂಟಿಯನ್ನು ಕೇಳಿದೆ. "ನನಗೇನು ಗೊತ್ತು? ಷರಾ ಗೌಪ್ಯ ಅಲ್ವಾ. ಇವರು ಹೇಳಲಿಲ್ಲ, ನಾನು ಕೇಳಲಿಲ್ಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಮಾತ್ರ ನಿಂತಿತ್ತು. ಆಮೇಲೆ ಯಾಕೆ ಹಾಡಲಿಲ್ಲ ಅಂದದ್ದಕ್ಕೆ, ಟೈಮ್ ಎಲ್ಲಿ ಸಿಕ್ಕಿತು, ಮಗಳು ಚಿಕ್ಕವಳು, ನೆಂಟರು ಬರೋದು ಹೋಗೋದು ಅಂತ ಏನೇನೋ ಹೇಳಿದರು. ಒಂದನ್ನೂ ನಾನು ನಂಬಲಿಲ್ಲ. ಒಂದು ಅಂಕಿ ಆ ಬಾಯಿಯನ್ನು ಇಪ್ಪತ್ತು ವರ್ಷ ಮುಚ್ಚಿಸಿತ್ತು ಅಂತ ನನಗೆ ಅನ್ನಿಸಿಬಿಟ್ಟಿತು, ಅಂಕಲ್ ಮೇಲೆ ಕೆಟ್ಟ ಕೋಪ ಬಂತು.

ಷರಾ ಓದಿ ಅಂದೆ. ಆಗಲ್ಲ ಅಂದರು. ಆಗ ನನಗೆ ಅವರೇ ಒಮ್ಮೆ ಹೇಳಿದ್ದ ಕಚೇರಿಯ ನಿಯಮ ನೆನಪಾಯಿತು. ನೌಕರನ ವಿರುದ್ಧ ಏನಾದರೂ ಬರೆದರೆ ಅದನ್ನು ಅವನಿಗೆ ತಿಳಿಸಲೇಬೇಕು, ಅವನು ಉತ್ತರ ಕೊಡಲು ಅವಕಾಶ ಕೊಡಬೇಕು, ಇಲ್ಲದಿದ್ದರೆ ಆ ಷರಾ ನಿಲ್ಲುವುದಿಲ್ಲ.

"ನೀವು ಆಂಟಿಗೆ ತಿಳಿಸಿದ್ರಾ ಅಂಕಲ್?"

ಅವರು ನನ್ನನ್ನು ನೋಡಿದರು. ಅಷ್ಟು ವರ್ಷ ಸಾವಿರ ಜನರ ಕಡತದಲ್ಲಿ ಈ ತಪ್ಪನ್ನು ಹಿಡಿದಿದ್ದ ಮನುಷ್ಯ, ತಮ್ಮ ಮನೆಯ ಕಡತದಲ್ಲಿ ಅದನ್ನೇ ಮಾಡಿದ್ದರು. ಮುಖ ಸಣ್ಣದಾಯಿತು. "ತಿಳಿಸಿಲ್ಲ" ಅಂದರು. ಕನ್ನಡಕ ಒರೆಸಿದರು, ಪುಟ ತೆಗೆದರು, ಓದಿದರು.

'ಏಳರಲ್ಲಿ ಇಷ್ಟು ಶುದ್ಧವಾದ ಕಂಠ ಇನ್ನೊಂದಿಲ್ಲ. ಮೊದಲ ಏಳು ಹಾಡುಗಳು ಮೊದಲ ಸ್ಥಾನಕ್ಕೆ ಯೋಗ್ಯ. ಕೊನೆಯ ಹಾಡಿನಲ್ಲಿ ವಿಪರೀತ ಆತುರ. ಹಾಡು ಕೆಟ್ಟಿದೆ. ಕೊನೆಯಲ್ಲಿ ಉಳಿಯುವುದು ಕೊನೆಯ ಹಾಡು.'

ಆಂಟಿ ಮಡಿಲಲ್ಲಿದ್ದ ಬಟಾಣಿ ಸಿಪ್ಪೆಯನ್ನೆಲ್ಲ ಒಂದು ಕಡೆ ಕೊಡವಿದರು. "ಇಷ್ಟೇನಾ?" ಅಂದರು. "ನನ್ನ ಗಂಟಲೇ ನಿಮಗೆ ಹಿಡಿಸಲಿಲ್ಲ ಅಂದ್ಕೊಂಡಿದ್ನಲ್ರೀ ಇಷ್ಟು ವರ್ಷ..."

ಆಮೇಲೆ ಅಂಕಲ್ ಕಡೆ ಪೂರ್ತಿ ತಿರುಗಿ ಕೂತರು. "ಆತುರ ಯಾಕೆ ಆಯ್ತು ಅಂತ ನೆನಪಿದೆಯಾ? ಐದು ಗಂಟೆಗೆ ಸ್ಟುಡಿಯೋ ಬಿಟ್ಟುಕೊಡಬೇಕಿತ್ತು. ಮಗಳನ್ನ ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ವಿ. ಗಾಜಿನ ಆಚೆ ನೀವು ನಿಂತಿದ್ರಿ. ಕೊನೇ ಹಾಡು ಶುರು ಮಾಡ್ತಿದ್ದ ಹಾಗೇ ಗಡಿಯಾರದ ಮೇಲೆ ಬೆರಳಿಟ್ಟು ತಟ್ಟಿ ತಟ್ಟಿ ತೋರಿಸಿದ್ರಿ."

"ನಾನಾ?" ಅಂದರು ಅಂಕಲ್. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಆದರೆ ಅನುಮಾನಿಸಲೂ ಇಲ್ಲ. ಗಡಿಯಾರ ತೋರಿಸುವುದು ಅವರ ಹುಟ್ಟುಗುಣ. ಮದುವೆಮನೆಯಲ್ಲಿ ಪುರೋಹಿತರಿಗೂ ತೋರಿಸುತ್ತಿದ್ದರಂತೆ. ತಲೆ ತಗ್ಗಿಸಿದರು. ಆ ಬಗ್ಗಿದ ಬಿಳಿ ತಲೆ ನೋಡಿ ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೊನೆಗೆ ಪೆನ್ನು ತೆಗೆದು, ಷರಾದ ಕೆಳಗೆ ಬರೆದು, ಜೋರಾಗಿಯೇ ಓದಿದರು: 'ಆತುರ ಹಾಡಿದವರದಲ್ಲ, ವರದಿ ಬರೆದವನದು.'

"ಮತ್ತೆ ಸ್ಥಾನ? ಒಂದು ಮಾಡಿ!" ಅಂತ ನಾನು ಕುಣಿದೆ. ಅಂಕಲ್ ಪೆನ್ನು ಹಿಡಿದೇ ಆಂಟಿಯನ್ನು ನೋಡಿದರು. ಮಾಡಿಬಿಡುತ್ತಿದ್ದರೋ ಏನೋ, ಆ ಗಳಿಗೆಯಲ್ಲಿ ಏನು ಕೇಳಿದ್ದರೂ ಮಾಡುತ್ತಿದ್ದರು. ಆಂಟಿಯೇ ಬೇಡ ಅಂದರು. ಹಾಡು ಓಡಿದ್ದು ಓಡಿದ್ದೇ, ಕ್ಯಾಸೆಟ್ಟಿನಲ್ಲಿ ಈಗಲೂ ಓಡುತ್ತಲೇ ಇದೆ, ಆರೇ ಇರಲಿ ಅಂದರು. ಆಮೇಲೆ ಗಂಟಲು ಸರಿ ಮಾಡಿಕೊಂಡು, ಸೆರಗು ಹೊದ್ದು, "ಗಡಿಯಾರ ಬಿಚ್ಚಿ ಇವಳ ಕೈಲಿ ಕೊಡಿ" ಅಂದರು.

ಕೊಟ್ಟರು. ಆಂಟಿ ಆ ಕೊನೆಯ ಹಾಡನ್ನು ಹಾಡಿದರು. ಅರವತ್ತು ದಾಟಿದ ಗಂಟಲು, ಇಪ್ಪತ್ತು ವರ್ಷ ಬಳಸದ್ದು, ಮೊದಲ ಸಾಲಿನಲ್ಲೇ ಒಡೆಯಿತು. ನಿಲ್ಲಿಸಲಿಲ್ಲ. ನಿಧಾನ ಅಂದರೆ ಅದೆಷ್ಟು ನಿಧಾನ... ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಪಂಜಾಬಿ ಹೆಂಗಸು ಬಕೆಟ್ ಕೆಳಗಿಟ್ಟು ನಿಂತಳು. ಅಂಕಲ್ ಕಣ್ಣು ಮುಚ್ಚಿ ಕೇಳಿದರು. ಮುಗಿದಾಗ ಅವರ ಕೆನ್ನೆ ಒದ್ದೆಯಾಗಿತ್ತು, ನನ್ನದೂ. ಈಗ ಏನು ಹೇಳುತ್ತಾರೋ, ಹೊಗಳಿ ಎಲ್ಲಿ ಅಪ್ಪಿಕೊಂಡುಬಿಡುತ್ತಾರೋ ಅಂತ ನಾನು ಕಾದೆ.

"ಎರಡನೇ ಚರಣದಲ್ಲಿ ಒಂದು ಕಡೆ ಉಸಿರು ಮುರೀತು" ಅಂದರು ಅಂಕಲ್.

ಅಯ್ಯೋ ದೇವರೇ, ಈ ಮನುಷ್ಯನಿಗೆ ಏನು ಹೇಳೋದು ಅಂತ ನಾನು ಹಣೆ ಚಚ್ಚಿಕೊಂಡೆ. ಆಂಟಿ ನಕ್ಕರು. ಅಂಥ ನಗುವನ್ನು ಅವರ ಮುಖದಲ್ಲಿ ಅದುವರೆಗೆ ನಾನು ನೋಡಿರಲಿಲ್ಲ. "ಹೂಂ ರೀ, ನನಗೂ ಗೊತ್ತಾಯ್ತು" ಅಂದರು.

ಮಾರನೆಯ ದಿನದಿಂದ ಎದುರು ಮನೆಯಲ್ಲಿ ಬೆಳಿಗ್ಗೆ ಹಾಡು. ಕುಕ್ಕರಿನ ಸೀಟಿಯ ಮಧ್ಯೆ ಆಂಟಿ ಹಾಡುವುದು, ಬಚ್ಚಲಿನಿಂದ ಗಡ್ಡ ಹೆರೆಯುತ್ತಾ ಅಂಕಲ್ "ಅಲ್ಲಿ ಜಾರಿತು ನೋಡು" ಅಂತ ಕೂಗುವುದು. ನಾನು ಕ್ಯಾಬಿಗೆ ಓಡುವಾಗ ಇಬ್ಬರದೂ ಜಗಳ ಮೆಟ್ಟಿಲವರೆಗೂ ಕೇಳುತ್ತಿತ್ತು. ಅದೇ ಹಾಡನ್ನು ಮತ್ತೆ, ಮತ್ತೆ. ಎರಡು ಚಳಿಗಾಲ ಹೀಗೇ ಕಳೆಯಿತು. ಮೂರನೆಯದಕ್ಕೆ ಮೊದಲು, ಒಂದು ಜೂನ್ ತಿಂಗಳ ಮಧ್ಯಾಹ್ನ ಅಂಕಲ್ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿದುಹೋಯಿತು. ಆಂಟಿ ಪುಣೆಗೆ, ಮಗಳ ಮನೆಗೆ ಹೋದರು. ನಾನೂ ಮನೆ ಬದಲಿಸಿದೆ, ಮದುವೆಯಾದೆ, ಮಕ್ಕಳಾದವು. ಹಬ್ಬಕ್ಕೊಂದು ಫೋನ್ ಮಾಡುತ್ತಿದ್ದೆ, ಆಮೇಲೆ ಅದೂ ತಪ್ಪಿತು. ನನ್ನ ಸೋಮಾರಿತನಕ್ಕೆ ನೆಪ ಹುಡುಕುವುದಿಲ್ಲ, ನಾಚಿಕೆಯಾಗುತ್ತದೆ.

ಮೊನ್ನೆ ಲ್ಯಾಬಿನಿಂದ ಹೊರಗೆ ಬಂದವಳು ಕಾರಿನಲ್ಲಿ ಕೂತು ಆಂಟಿಗೆ ಫೋನ್ ಮಾಡಿದೆ. ದನಿ ಸಣ್ಣದಾಗಿದೆ, ಆದರೆ ಗುರುತು ತಕ್ಷಣ ಸಿಕ್ಕಿತು ಅವರಿಗೆ. ಸಕ್ಕರೆ, ಮೊಣಕಾಲು, ಮೊಮ್ಮಗಳ ಪರೀಕ್ಷೆ, ಎಲ್ಲಾ ಆಯಿತು. ಹಾಡ್ತೀರಾ ಆಂಟಿ ಅಂತ ಹೆದರುತ್ತಲೇ ಕೇಳಿದೆ. ಅಂಕಲ್ ಹೋದ ಮೇಲೆ ಮತ್ತೆ ಬಾಯಿ ಮುಚ್ಚಿಕೊಂಡಿರುತ್ತಾರೆ ಅಂತ ನನ್ನ ಮನಸ್ಸಿನಲ್ಲಿತ್ತು.

"ಹಾಡ್ತೀನಲ್ಲೇ! ಇಲ್ಲಿ ಭಜನೆಗೆ ಕರೀತಾರೆ, ವಾಹ್ ವಾಹ್ ಅಂತಾರೆ, ವಯಸ್ಸಾದವಳು ಅಂತ ಕೈ ಮುಗೀತಾರೆ. ಎಲ್ಲೋ ತಪ್ಪಿದೀನಿ ಅಂತ ನನಗೇ ಗೊತ್ತಾಗ್ತಿರುತ್ತೆ, ಎಲ್ಲಿ ಅಂತ ಹಿಡಿಯೋಕೆ ಆಗಲ್ಲ. ಹೇಳೋರೂ ಯಾರೂ ಇಲ್ಲ ಕಣೇ."

ಕೇಳು ಅಂತ ಹೇಳಿ, ಫೋನಿನಲ್ಲೇ ಹಾಡಿದರು. ನಾನು ಕಾರಿನ ಕಿಟಕಿ ಏರಿಸಿ, ಕಿವಿಗೆ ಒತ್ತಿ ಹಿಡಿದುಕೊಂಡು ಕೇಳಿದೆ. ಅಷ್ಟು ವರ್ಷ ಸಮಿತಿಯಲ್ಲಿ ಕೂತಿದ್ದೇನೆ, ನನ್ನ ಕಿವಿಗೂ ಸ್ವಲ್ಪ ಬುದ್ಧಿ ಬಂದಿದೆ. ಮೊದಲ ಚರಣದ ಕೊನೆಯಲ್ಲಿ ಸ್ವರ ಕೆಳಗೆ ಜಾರಿತು. ಎಲ್ಲಿ ಅಂತ ನನಗೆ ಸರಿಯಾಗಿ ಗೊತ್ತಾಯಿತು.

ಹಾಡು ಮುಗಿಯಿತು. "ಹೇಗಿತ್ತೇ?" ಅಂದರು.

ಎಂಬತ್ತರ ಹತ್ತಿರದ ಜೀವ. ತಪ್ಪು ಎತ್ತಿ ಹೇಳಲು ನನಗೆ ಬಾಯಿ ಬರಲಿಲ್ಲ. "ತುಂಬಾ ಚೆನ್ನಾಗಿತ್ತು ಆಂಟಿ" ಅಂದೆ.

"ನೀನೂನಾ..." ಅಂದರು ಆಂಟಿ.