ವಾಲ್ವಣ್ಣನ ಮುಳ್ಳು

ಬೀದಿಯವರೆಲ್ಲ ಅವನನ್ನು ವಾಲ್ವಣ್ಣ ಎಂದೇ ಕರೆಯುತ್ತಿದ್ದರು. ಹಳೆಯ ರೇಡಿಯೊ, ಆಂಪ್ಲಿಫೈಯರುಗಳೊಳಗೆ ಕೆಂಪಗೆ ಉರಿಯುವ ಗಾಜಿನ ವಾಲ್ವುಗಳನ್ನು ಪರೀಕ್ಷಿಸುವುದು ಅವನ ಕಸುಬು. ಮಹಡಿ ಮೆಟ್ಟಿಲ ಕೆಳಗೆ ಅಂಗಡಿ. ಎದ್ದು ನಿಂತರೆ ತಲೆ ತಾಗುತ್ತಿತ್ತು. ಬೆಂಚಿನ ಮೇಲೆ ಮರದ ಪೆಟ್ಟಿಗೆಯ ಟೆಸ್ಟರು. ಮುಚ್ಚಿಹೋದ ರೇಡಿಯೊ ಕಂಪನಿಯ ಹರಾಜಿನಲ್ಲಿ ಕೊಂಡದ್ದು, ಅವನ ಮದುವೆಗಿಂತ ಒಂದು ವರ್ಷ ಹಿರಿಯದು. "ನನಗಿಂತ ಮುಂಚೆ ಬಂದ ಸವತಿ" ಎಂದು ಅದರ ಧೂಳು ಒರೆಸುವಾಗಲೆಲ್ಲ ಹೆಂಡತಿ ಹೇಳುವಳು.

ವಾಲ್ವನ್ನು ಟೆಸ್ಟರಿನಲ್ಲಿ ಕೂರಿಸಿ, ಬಿಸಿಯಾಗುವ ತನಕ ಮನಸ್ಸಿನಲ್ಲೇ ನೂರು ಎಣಿಸಿ, ಆಮೇಲೆ ಗುಂಡಿ ಒತ್ತುವನು. ಮೀಟರಿನ ಮುಳ್ಳು ಹಸಿರು ಪಟ್ಟಿಗೆ ಹೋದರೆ ವಾಲ್ವಿಗೆ ಆಯಸ್ಸಿದೆ. ಕೆಂಪಿನಲ್ಲೇ ನಿಂತರೆ ಬಟ್ಟೆಯಲ್ಲಿ ಸುತ್ತಿ, ತಂದವರ ಕಣ್ಣೆದುರಿಗೇ ಸುತ್ತಿಗೆಯಿಂದ ಒಡೆದುಬಿಡುವನು. ಸತ್ತ ವಾಲ್ವನ್ನು ಉಜ್ಜಿ ಹೊಸದೆಂದು ಮಾರುವ ಕಳ್ಳ ವ್ಯಾಪಾರಿಗಳಿದ್ದರು. ಅವರ ಕೈಗೆ ಸಿಗಬಾರದೆಂದು ಅವನು ಹಾಕಿಕೊಂಡ ಪದ್ಧತಿ ಅದು. ಅವನ ಮಾತಿಗೆ ತೂಕ ಬಂದದ್ದೂ ಅದರಿಂದಲೇ. ಇತ್ತೀಚೆಗೆ ಒಡೆಯುವುದೇ ಹೆಚ್ಚಾಗಿತ್ತು. ಎಲ್ಲಕ್ಕೂ ವಯಸ್ಸಾಯಿತು, ಇನ್ನೇನು ಎಂದುಕೊಂಡಿದ್ದ.

ಹಿಂದಿನ ಓಣಿಯ ದರ್ಜಿ ಅವನ ಬಾಲ್ಯದ ಗೆಳೆಯ. ಮದುವೆಯಾದವನಲ್ಲ. ತೀರಿಹೋದ ಅಣ್ಣ ತನ್ನ ಕೈಯಾರೆ ಕಟ್ಟಿದ ಆಂಪ್ಲಿಫೈಯರಿನಲ್ಲಿ ಹಾಡು ಹಾಕಿಕೊಂಡು ಹೊಲಿಯುವುದೇ ಅವನ ಸಂಸಾರ. ಒಂದು ದಿನ ದೊಡ್ಡ ವಾಲ್ವುಗಳೆರಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದ.

"ದನಿ ತೆಳ್ಳಗಾಗಿದೆ ಕಣೋ. ಅಣ್ಣ ನೂರರಲ್ಲಿ ಆರಿಸಿದ ಜೋಡಿ ಇದು, ನೋಡು."

ಎರಡೂ ಕೆಂಪಿನಲ್ಲೇ ನಿಂತವು.

"ಇನ್ನೊಂದು ಸಲ ನೋಡಬಾರದಾ?"

"ನೂರು ಸಲ ನೋಡಿದರೂ ಅಷ್ಟೇ. ಮುಳ್ಳಿಗೆ ದಾಕ್ಷಿಣ್ಯ ಇಲ್ಲ."

ದರ್ಜಿ ಗೋಡೆಯ ಕಡೆಗೆ ತಿರುಗಿ ನಿಂತ. ವಾಲ್ವಣ್ಣ ಒಡೆದ.

ವಾರ ಕಳೆದರೂ ಗೆಳೆಯ ಹಾಗೆ ತಿರುಗಿ ನಿಂತದ್ದು ಅವನ ಕಣ್ಣಿಂದ ಹೋಗಲಿಲ್ಲ. ಅಂಥದೇ ಹೊಸ ಜೋಡಿಯೊಂದನ್ನು ಹೆಂಡತಿಯ ಟ್ರಂಕಿನಲ್ಲಿ, ಬಟ್ಟೆಗಳ ನಡುವೆ, ಇಪ್ಪತ್ತು ವರ್ಷದಿಂದ ಬಚ್ಚಿಟ್ಟಿದ್ದ. ಕೊಟ್ಟುಬಿಡೋಣ ಎಂದು ತೆಗೆಸಿದ. ಕೊಡುವ ಮುಂಚೆ ನೋಡಬೇಕಲ್ಲ. ನೋಡಿದರೆ ಎರಡೂ ಕೆಂಪು.

"ಟ್ರಂಕಿನಲ್ಲಿ ಕೂತಲ್ಲೇ ಸತ್ತುಹೋದವಾ?" ಎಂದಳು ಹೆಂಡತಿ. "ರೀ, ಬಂದವರಿಗೆಲ್ಲ ಜ್ವರ ಅನ್ನೋ ಡಾಕ್ಟರಿಗೇ ಜ್ವರ ಇರಬಹುದು."

ಟೆಸ್ಟರಿನ ಹೊಟ್ಟೆಯೊಳಗೂ ಒಂದು ವಾಲ್ವಿದೆ; ಅದರ ಬಲದಿಂದಲೇ ಉಳಿದವನ್ನು ಅಳೆಯುವುದು. ಊರಿನ ವಾಲ್ವುಗಳನ್ನೆಲ್ಲ ನೋಡಿದವನು ಅದೊಂದನ್ನು ನೋಡಿರಲಿಲ್ಲ. ಸ್ಕ್ರೂ ಬಿಚ್ಚಿದ. ಅದರ ಗಾಜು ಒಳಗೆಲ್ಲ ಮಸಿ ಹಿಡಿದಿತ್ತು. ಹಲಗೆಯ ಮೇಲಿದ್ದ ಬೇರೊಂದನ್ನು ಹಾಕಿ ನೋಡಿದರೆ ಹೊಸ ಜೋಡಿ ಹಸಿರಿಗೆ ಜಿಗಿಯಿತು.

"ಎಷ್ಟು ದಿನದಿಂದ ಹೀಗೆ?" ಎಂದಳು.

"ಗೊತ್ತಿಲ್ಲ."

"ಹಾಗಾದರೆ ಹೇಳೋಕೆ ಹೋಗಬೇಡಿ. ಯಾರೂ ಕೇಳ್ತಿಲ್ಲ."

ಅವನು ಆ ಜೋಡಿಯನ್ನೂ ರಿಪೇರಿ ಸಾಮಾನನ್ನೂ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟ.

ದರ್ಜಿ ಎಲ್ಲ ಕೇಳಿಸಿಕೊಂಡ. ಹೊಲಿಗೆ ಯಂತ್ರದ ಮೇಲಿನ ಕಾಲನ್ನು ಮಾತ್ರ ತೆಗೆಯಲಿಲ್ಲ.

"ಅಂದರೆ ಅಣ್ಣನ ಜೋಡಿ ಚೆನ್ನಾಗಿತ್ತು."

"ಇದ್ದಿರಬಹುದು. ಒಡೆದದ್ದನ್ನು ಪರೀಕ್ಷೆ ಮಾಡೋಕೆ ಆಗಲ್ಲ."

"ಹಾಕು ನೋಡೋಣ, ಇವನ್ನ."

ಹೊಸ ಜೋಡಿ ಹಾಕಿ ಹಾಡು ಹಚ್ಚಿದರೂ ದನಿ ತೆಳ್ಳಗೇ ಇತ್ತು. ತಪ್ಪು ವಾಲ್ವುಗಳದಲ್ಲ ಎಂದು ವಾಲ್ವಣ್ಣನಿಗೆ ಆಗಲೇ ತಿಳಿದುಹೋಯಿತು. ಆದರೂ ಆಂಪ್ಲಿಫೈಯರನ್ನು ಬೋರಲು ಹಾಕಿ, ಟಾರ್ಚು ಹಿಡಿದು ಹುಡುಕಿದ. ಸ್ಪೀಕರಿನ ಕಡೆಗೆ ಹೋಗುವ ತಂತಿಯೊಂದರ ಬೆಸುಗೆ ಅರ್ಧ ಬಿಟ್ಟಿತ್ತು. ಎರಡು ನಿಮಿಷದ ಕೆಲಸ. ಬೆಸೆದ ಮೇಲೆ ಹಾಡು ಕೋಣೆ ತುಂಬಿತು.

ದರ್ಜಿ ಒಂದು ಹಾಡು ಪೂರ್ತಿ ಕೇಳಿ ಸ್ವಿಚ್ಚು ಆರಿಸಿದ. "ಚೆನ್ನಾಗಿದೆ. ಹೋಗು ನೀನು."

"ಬೈಯಾದರೂ ಬೈಯೋ."

"ಬೈದರೆ ನಿನಗೆ ಹಗುರ ಆಗತ್ತೆ. ಹೋಗು."

ಮರುದಿನದಿಂದ ವಾಲ್ವಣ್ಣ ಅಂಗಡಿಗೆ ಬೀಗ ಹಾಕಿ, ತಾನು ವಾಲ್ವು ಒಡೆದವರಲ್ಲಿ ನೆನಪಿದ್ದವರ ಮನೆಗಳಿಗೆಲ್ಲ ನಡೆದ. ಹಲಗೆಯ ಮೇಲಿದ್ದ ಒಳ್ಳೆಯ ವಾಲ್ವುಗಳು ಚೀಲದಲ್ಲಿದ್ದವು. ಮೊದಲ ಮನೆಯಲ್ಲಿ ಯಾರೂ ಇರಲಿಲ್ಲ. ಎರಡನೆಯ ಮನೆಯವನು ನಕ್ಕು, "ಹೋಗಲಿ ಬಿಡಿ, ಈಗ ಯಾರು ಕೇಳ್ತಾರೆ ರೇಡಿಯೊ" ಎಂದ. ಮೂರನೆಯ ಮನೆಯಲ್ಲಿ ವಯಸ್ಸಾದ ಹೆಂಗಸು ಬಾಗಿಲು ತೆರೆದಳು. ಅವನು ವಿಷಯ ಹೇಳಿ, ರೇಡಿಯೊ ಎಲ್ಲಿದೆ ತಾಯಿ, ಈಗಲೇ ಸರಿಮಾಡಿ ಕೊಡ್ತೀನಿ ಎಂದ.

"ಗುಜರಿಯವನಿಗೆ ಹಾಕಿಬಿಟ್ಟೆವಲ್ಲಪ್ಪ" ಎಂದಳು ಅವಳು, ತಾನೇ ತಪ್ಪು ಮಾಡಿದವಳ ಹಾಗೆ. "ನಮ್ಮ ಯಜಮಾನರು ಇನ್ನೊಬ್ಬರಿಗೆ ತೋರಿಸೋಣ ಅಂದರು. ನಾನೇ ಬೇಡ ಅಂದೆ. ವಾಲ್ವಣ್ಣ ಹೇಳಿದ ಮೇಲೆ ಮುಗೀತು ಅಂತ."