ನೊರೀನ್ ಕಟ್ಟಿದ ಚಿಪ್ಪು

ನೊರೀನ್ ಟಿಪೆಟ್ ಮೂವತ್ತೆಂಟು ವರ್ಷ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಒಂದು ಊರಿನವರಿಗೆಲ್ಲ ಕೃತಕ ಹಲ್ಲು ಕಟ್ಟಿಕೊಟ್ಟವಳು. ಅಂಗಡಿ ಮುಚ್ಚಿದ ಮೇಲೆ ಅವಳಿಗೆ ಬೇಕಾಗಿದ್ದದ್ದು ಒಂದೇ: ಯಾರೂ ತನ್ನೆದುರು ಬಾಯಿ ತೆರೆದು ನಿಲ್ಲಬಾರದು. ಅದಕ್ಕೇ ದೋಣಿಕಟ್ಟೆಯ ಹಳೆಯ ಶೆಡ್ಡಿನಲ್ಲಿದ್ದ ಆಮೆಗಳ ಆಸ್ಪತ್ರೆಗೆ ಪ್ರತಿ ಮಂಗಳವಾರ ಹೋಗತೊಡಗಿದಳು. ಸಂಬಳವಿಲ್ಲದ ಕೆಲಸ. ತೊಟ್ಟಿ ಉಜ್ಜುವುದು, ಮೀನು ಕತ್ತರಿಸುವುದು. ತಾನು ಯಾರು, ಏನು ಮಾಡುತ್ತಿದ್ದೆ ಎಂಬುದನ್ನು ಅಲ್ಲಿ ಬಾಯಿಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಮೀನುಗಾರ ಕ್ಲಾರಿ ತನ್ನ ದೋಣಿಯಲ್ಲಿ ದೊಡ್ಡದೊಂದು ಹಸಿರು ಕಡಲಾಮೆಯನ್ನು ತಂದ. ಯಾವುದೋ ಮೋಟಾರು ದೋಣಿಯ ತಿರುಗುವ ರೆಕ್ಕೆ ಅದರ ಬೆನ್ನನ್ನು ಸೀಳಿಹಾಕಿತ್ತು. ಬಿರುಕಿನಲ್ಲಿ ಅಂಗೈ ಇಡಬಹುದಿತ್ತು. ಊರಿಗೆ ಹೊಸಬಳಾದ ಪಶುವೈದ್ಯೆ ಸಲೋಟೆ ಟೋಂಗಾ ದ್ವೀಪದವರ ಮಗಳು, ಎತ್ತರದ ಆಳು, ಯಾವುದಕ್ಕೂ ಗಾಬರಿಬೀಳುವವಳಲ್ಲ. ವಾರಗಟ್ಟಲೆ ಗಾಯ ತೊಳೆದು, ಮದ್ದು ಕೊಟ್ಟು, ಆಮೆಯನ್ನು ಉಳಿಸಿಕೊಂಡಳು. ಇನ್ನು ಬಿರುಕು ಮುಚ್ಚಬೇಕು. ದೋಣಿಗೆ ಹಚ್ಚುವ ಅಂಟನ್ನು ಲೋಟದಲ್ಲಿ ಕಲಸಿದಳು.

ಪಕ್ಕದಲ್ಲಿ ತೊಟ್ಟಿ ತೊಳೆಯುತ್ತಿದ್ದ ನೊರೀನ್ ಲೋಟವನ್ನು ಮುಟ್ಟಿ, ಚುರ್ರೆಂದ ಕೈಯನ್ನು ಹಿಂತೆಗೆದಳು.

"ಇದನ್ನ ಹಾಕ್ಬೇಡಿ ಡಾಕ್ಟ್ರೇ. ಗಟ್ಟಿಯಾಗ್ತಾ ಕೆಂಡದ ಹಾಗೆ ಕಾಯುತ್ತೆ. ಒಳಗಿನ ಮಾಂಸ ಬೆಂದುಹೋಗುತ್ತೆ."

"ನಿಮ್ಗೆ ಹೇಗೆ ಗೊತ್ತು?"

ನೊರೀನ್ ಮತ್ತೆ ತೊಟ್ಟಿ ಉಜ್ಜತೊಡಗಿದಳು. ಬಾಗಿಲ ಬಳಿ ನಿಂತಿದ್ದ ಕ್ಲಾರಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅವ್ಳಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ನನ್ ಬಾಯಲ್ಲಿರೋದು ಅವ್ಳ ಹಲ್ಲೇ! ಏಡಿ ಕಾಲನ್ನ ಕಟಕಟ ಕಡೀತೀನಿ. ನೋಡ್ತೀರಾ?"

"ಬೇಡ! ಒಳಗೇ ಇಟ್ಕೋ ಮಾರಾಯ!" ಎಂದು ನೊರೀನ್ ಕಿರುಚಿದಳು.

ಸಲೋಟೆ ಲೋಟ ಕೆಳಗಿಟ್ಟಳು. "ಹಾಗಾದ್ರೆ ನೀವು ಹೇಗೆ ಮಾಡ್ತಿದ್ರಿ?"

"ಬಾಯಿಯ ಅಚ್ಚು ತಗೊಂಡು, ಹಲ್ಲು ಕೂರಿಸೋ ತಟ್ಟೆನ ಹೊರಗೇ ಎರಕ ಹೊಯ್ತಿದ್ದೆ. ಪೂರ್ತಿ ತಣ್ಣಗಾದ್ಮೇಲೇ ಬಾಯಿಗೆ." ಅಷ್ಟು ಹೇಳಿದವಳಿಗೆ ಬೆರಳುಗಳೆಲ್ಲ ತುರಿಸತೊಡಗಿದವು. ಮನೆಗೆ ಹೋಗಿ, ಅಟ್ಟದಲ್ಲಿಟ್ಟಿದ್ದ ಹಲ್ಲು ಕಟ್ಟುವ ಸಾಮಾನಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಬಂದಳು.

ಗಾಯಕ್ಕೆ ತಾಗದಂತೆ ಸುತ್ತಲ ಚಿಪ್ಪಿನ ಅಚ್ಚು ತೆಗೆದಳು. ತೆಳ್ಳಗಿನ ತಟ್ಟೆ ಮಾಡಿ, ಗಾಯ ತೊಳೆಯಲು ಪುಟ್ಟ ಕಿಟಕಿ ಬಿಟ್ಟು, ತಣ್ಣಗಾದ ಮೇಲೆ ಗಾಯದಾಚೆಯ ಗಟ್ಟಿ ಚಿಪ್ಪಿಗೆ ಅಂಟಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೆಯ ದಿನ ತಟ್ಟೆ ಕಳಚಿ ನೀರಿನಲ್ಲಿ ತೇಲುತ್ತಿತ್ತು.

ನೊರೀನ್‌ಗೆ ಮುಖ ಎತ್ತಲಾಗಲಿಲ್ಲ. ಆದರೆ ಮನೆಗೂ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ತೊಟ್ಟಿಯ ಪಕ್ಕ ಮಧ್ಯಾಹ್ನವೆಲ್ಲ ಕೂತು, ಆಮೆ ಈಜುವುದನ್ನೇ ನೋಡಿದಳು. ಅದು ಕೈ ಬೀಸಿದಾಗಲೆಲ್ಲ ಸೀಳಿದ ಚಿಪ್ಪಿನ ಎರಡು ಹೋಳು ಒಂದಿಷ್ಟೇ ಅಲುಗುತ್ತಿದ್ದವು. ತಾನು ಮಾಡಿದ್ದು ಅಲುಗದ ತಟ್ಟೆ!

"ಅಯ್ಯೋ ಪೆದ್ದಿ," ಎಂದು ತನ್ನ ಹಣೆಯನ್ನೇ ಚಚ್ಚಿಕೊಂಡಳು. "ಅಗಿಯೋ ದವಡೆ ಸುಮ್ನಿರುತ್ತಾ? ಈಜೋ ಚಿಪ್ಪೂ ಅಷ್ಟೇ."

ಈ ಸಲ ತಟ್ಟೆಯನ್ನು ಎರಡು ಭಾಗ ಮಾಡಿ, ನಡುವೆ ತಂತಿಯ ಕೊಂಡಿ ಹಾಕಿದಳು. ಅದು ಕಳಚದೆ ನಿಂತಿತು. ಚಿಪ್ಪು ಕೂಡುತ್ತ ಬಂದಂತೆ ವಾರಕ್ಕೊಮ್ಮೆ ಕೊಂಡಿಯನ್ನು ಕೂದಲೆಳೆಯಷ್ಟು ಬಿಗಿಮಾಡಿದಳು. ಮಂಗಳವಾರದ ಕೆಲಸ ದಿನಾ ಆಯಿತು. ಎಂಟು ತಿಂಗಳಲ್ಲಿ ಬಿರುಕಿನ ಅಡಿಯಲ್ಲಿ ಹೊಸ ಎಲುಬು ಬೆಳೆಯಿತು; ತಟ್ಟೆ ಬೇಡವಾಯಿತು.

ಸಮುದ್ರಕ್ಕೆ ಬಿಡುವ ದಿನ ಅರ್ಧ ಊರೇ ಮರಳ ಮೇಲೆ ನೆರೆದಿತ್ತು. ಅವರಲ್ಲಿ ಎಷ್ಟೋ ಜನ ನೊರೀನ್ ಕಟ್ಟಿದ ಹಲ್ಲುಗಳನ್ನೇ ತೋರಿಸಿ ನಗುತ್ತಿದ್ದರು. ಆಮೆ ಅವಳತ್ತ ತಿರುಗಿಯೂ ನೋಡದೆ ಅಲೆಯೊಳಗೆ ನುಗ್ಗಿತು.

"ಒಂದ್ ಥ್ಯಾಂಕ್ಸೂ ಇಲ್ಲ ನೋಡು!" ಅಂದ ಕ್ಲಾರಿ.

"ಹಲ್ಲು ಕಟ್ಕೊಟ್ಟಾಗ ನೀನೇನ್ ಹೇಳಿದ್ಯಾ?" ಎಂದಳು ನೊರೀನ್, ಕಣ್ಣೊರೆಸಿಕೊಳ್ಳುತ್ತ.

ಮರುದಿನ ಅವಳು ಶೆಡ್ಡಿಗೆ ಬಂದಾಗ ಸಲೋಟೆಯ ತೊಡೆಯ ಮೇಲೆ, ಕೊಕ್ಕು ಮುರಿದ ಪೆಲಿಕನ್ ಹಕ್ಕಿಯೊಂದು ಕಂಬಳಿ ಸುತ್ತಿಕೊಂಡು ಕೂತಿತ್ತು.

"ನೊರೀನ್, ಇದಕ್ಕೆ ಹಲ್ಲಿಲ್ಲ..." ಎಂದು ಸಲೋಟೆ ಮಾತು ತೆಗೆದಳು.

"ಆಮೆಗೂ ಇರ್ಲಿಲ್ಲ. ಸ್ವಲ್ಪ ಈ ಕಡೆ ತಿರುಗಿಸು, ಬಾಯಿ ನೋಡೋಣ," ಎಂದು ನೊರೀನ್ ಕನ್ನಡಕ ಏರಿಸಿಕೊಂಡಳು.