ಗೆರೆಯಿಲ್ಲದ ಕನಕಾಂಬರ

ಕೋಣನಕುಂಟೆಯ ನಾರಾಯಣಮ್ಮ ಚಿತ್ರ ಬರೆಯಲು ಶುರು ಮಾಡಿದ್ದಾಳೆ ಎಂದಾಗ ಅಕ್ಕಪಕ್ಕದವರು ನಕ್ಕಿದ್ದೇ ನಕ್ಕಿದ್ದು. ನಗಲಿ ಬಿಡಿ. ಮೂರು ಮಹಡಿ ಕಟ್ಟಡದ ಯಜಮಾನಿ, ಮೊಮ್ಮಕ್ಕಳನ್ನು ಕಂಡವಳು, ಈ ವಯಸ್ಸಿನಲ್ಲಿ ಬ್ರಷ್ ಹಿಡಿದು ಕೂತರೆ ನಗು ಬರದೆ ಇನ್ನೇನು? ಆದರೆ ಆ ಹೆಂಗಸು ತನ್ನದು ಅಂತ ಬದುಕಿನಲ್ಲಿ ಹಿಡಿದುಕೊಂಡದ್ದು ಅದೊಂದನ್ನೇ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು.

ಅವಳು ಬೋರಣ್ಣನಿಗೆ ಎರಡನೆಯವಳು. ಮೊದಲನೆಯವಳು ಸಿದ್ದಗಂಗಮ್ಮ, ಮದುವೆಯಾದ ವರ್ಷವೇ ಜ್ವರ ಬಂದು ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಆ ಮನೆತನದ ಪದ್ಧತಿಯಂತೆ ಎರಡನೆಯವಳು ತಾಳಿಯ ಪಕ್ಕದಲ್ಲಿ ಸತ್ತ ಸವತಿಯ ಹೆಸರಿನದೊಂದು ಬೆಳ್ಳಿ ಬಿಲ್ಲೆ ಕಟ್ಟಿಕೊಳ್ಳಬೇಕು. ಹೊಸ ಸೀರೆ ಬರಲಿ, ಬಳೆ ಬರಲಿ, ಒಂದು ಮೊಳ ಹೂವೇ ಬರಲಿ, ಮೊದಲು ಬಿಲ್ಲೆಗೆ ಮುಟ್ಟಿಸಿ ಆಮೇಲೆ ತಾನು. ತಪ್ಪಿದರೆ ಸತ್ತವಳು ಮುನಿಸಿಕೊಂಡು ಮನೆಗೆ ಬರುತ್ತಾಳೆ ಎಂದು ಅತ್ತೆ ಮೊದಲ ದಿನವೇ ಹೆದರಿಸಿದ್ದಳು. ನಾರಾಯಣಮ್ಮ ತಪ್ಪಿಸಲಿಲ್ಲ. ಇನ್ನೊಬ್ಬಳು ಉಟ್ಟುಬಿಟ್ಟದ್ದನ್ನು ಉಟ್ಟು, ಮುಡಿದುಬಿಟ್ಟದ್ದನ್ನು ಮುಡಿದು ಅವಳ ಕೂದಲೇ ನರೆತುಹೋಯಿತು.

ಬೋರಣ್ಣ ಕೆಟ್ಟವನಲ್ಲ. ಹೊಡೆದವನಲ್ಲ, ಬೈದವನಲ್ಲ. ಆದರೆ ಹೆಸರು ಹಿಡಿದು ಕರೆದವನೂ ಅಲ್ಲ, ಮುಖ ಕೊಟ್ಟು ನೋಡಿದವನೂ ಅಲ್ಲ. ಅವನು ಈ ಕಡೆ ತಿರುಗಿದಾಗಲೆಲ್ಲ ತನ್ನ ಹೆಗಲ ಹಿಂದೆ ಇನ್ಯಾರೋ ನಿಂತಿದ್ದಾರೆ ಎಂದೇ ಅವಳಿಗೆ ಅನ್ನಿಸುತ್ತಿತ್ತು. ಒಂದು ಸಲವಾದರೂ ಆ ಕಣ್ಣು ತನ್ನ ಮೇಲೆ ನಿಲ್ಲಬೇಕು ಎಂಬ ಆಸೆ ಮಾತ್ರ ಸಾಯಲಿಲ್ಲ.

ಚಿತ್ರದ ಗೀಳು ಹತ್ತಿಸಿದವಳು ಮೇಲಿನ ಮಹಡಿಗೆ ಬಾಡಿಗೆಗೆ ಬಂದ ಹೇಮಶ್ರೀ. ಮನೆಯಲ್ಲೇ ಪೇಂಟಿಂಗ್ ಕ್ಲಾಸ್ ನಡೆಸುತ್ತಿದ್ದ ಆ ಹುಡುಗಿ, ಮೋಟರ್ ಆಫ್ ಮಾಡಿ ಅಂತ ಗದರಿಸೋಕೆ ಮಾತ್ರ ಮೇಲೆ ಬರ್ತೀರಲ್ಲ ಆಂಟಿ ಎಂದು ರೇಗಿಸಿ ಕೂರಿಸಿಕೊಂಡಳು. ನಾರಾಯಣಮ್ಮ ರಂಗೋಲಿ ಹಾಕುವವಳ ಹಾಗೆ ಕನಕಾಂಬರದ ಎಸಳೆಸಳಿಗೂ ಗೆರೆ ಎಳೆದಳು. ಹೇಮಶ್ರೀ ಅಷ್ಟನ್ನೂ ಅಳಿಸಿಹಾಕಿದಳು.

"ಗೆರೆ ಬೇಡ ಆಂಟಿ. ಬಣ್ಣ ಇಡಿ, ಸುತ್ತ ಕತ್ತಲೆ ಇಡಿ. ಹೂವನ್ನ ನೋಡೋರ ಕಣ್ಣೇ ಮಾಡ್ಕೊಳುತ್ತೆ."

ಮಾತು ತಟ್ಟನೆ ಹಿಡಿಸಿತು. ಈ ಕಟ್ಟಡ ನಿಂತ ಜಾಗವೆಲ್ಲ ಹಿಂದೆ ಅವರ ಕನಕಾಂಬರದ ತೋಟವೇ. ನಸುಕಿನಲ್ಲಿ ಹೂ ಬಿಡಿಸಲು ಹೋದರೆ ಗಿಡ ಕಾಣದು, ಎಸಳು ಕಾಣದು, ಕಪ್ಪಿನೊಳಗೆ ಕಿತ್ತಳೆ ಬಣ್ಣವಷ್ಟೇ ಕಾಣುವುದು. ಅದನ್ನೇ ಕ್ಯಾನ್ವಾಸಿನ ಮೇಲೆ ಇಟ್ಟಳು. ಬಿಲ್ಲೆಗೆ ಮುಟ್ಟಿಸಲಿಲ್ಲ, ಬೇಕೆಂದೇ ಮುಟ್ಟಿಸಲಿಲ್ಲ. ಇದೊಂದು ಹೂವು ನನಗಿರಲಿ ಎಂದುಕೊಂಡು ಬಿಲ್ಲೆಯನ್ನು ಬೆನ್ನಿಗೆ ಸರಿಸಿ ಕೂತಳು.

ಮುಗಿದ ಚಿತ್ರವನ್ನು ನಡುಮನೆಯಲ್ಲಿ ಗಂಡನ ಕುರ್ಚಿಯ ಎದುರಿಗೇ ತೂಗುಹಾಕಿದಳು. ಸಂಜೆ ಕಾಫಿ ತಂದವಳು ಬಾಗಿಲಲ್ಲೇ ನಿಂತಳು. ಬೋರಣ್ಣ ಚಿತ್ರದ ಕಡೆ ಬಾಗಿ, ಅವಳು ಎಂದೂ ಕೇಳದ ಮೆತ್ತನೆ ದನಿಯಲ್ಲಿ ಮಾತಾಡುತ್ತಿದ್ದ.

"ಗಂಗೀ, ಯಾವಾಗ ಬಂದೆ?"

ಸಿದ್ದಗಂಗಮ್ಮನನ್ನು ಅವನು ಗಂಗಿ ಎನ್ನುತ್ತಿದ್ದನೆಂದು ಅವಳಿಗೆ ಗೊತ್ತಾದದ್ದೇ ಆಗ. ಬೋರಣ್ಣ ಹೆಂಡತಿಯನ್ನು ಕಂಡು ನಾಚಿಕೊಂಡ. ಆದರೂ ಬೆರಳು ಮಾಡಿ, ಬೆನ್ನು ತಿರುಗಿಸಿ ಕೂತವ್ಳೆ ನೋಡು ಎಂದ. ಆಗ ಅವಳಿಗೂ ಕಂಡಿತು. ತಾನಿಟ್ಟ ಕತ್ತಲೆ ತುರುಬಾಗಿತ್ತು. ಕಿತ್ತಳೆ ಬಣ್ಣ ತುರುಬಿನ ಸುತ್ತ ದಂಡೆಯಾಗಿತ್ತು. ಕೆಳಗೆ ಸುಮ್ಮನೆ ಬ್ರಷ್ ಒರೆಸಿದ ಮಣ್ಣು ಬಣ್ಣ ಒಬ್ಬ ಹೆಂಗಸಿನ ಕತ್ತಾಗಿತ್ತು. ಅದನ್ನು ಇವಳು ಬರೆದಿರಲಿಲ್ಲ, ಅದೇ ಬಂದು ಕೂತಿತ್ತು. ಆಮೇಲೆ ಎಷ್ಟು ಕಣ್ಣುಜ್ಜಿಕೊಂಡರೂ ಬರೀ ಹೂವು ಕಾಣಲಿಲ್ಲ. ಕಸ ಗುಡಿಸುವಾಗ ಆ ಕತ್ತು ಸ್ವಲ್ಪ ಹೊರಳಿದಂತೆ ಕಂಡು ಪೊರಕೆ ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದಳು.

ತಡೆಯಲಾಗದೆ ಒಂದು ಮಧ್ಯಾಹ್ನ ಚಿತ್ರ ಇಳಿಸಿ, ಪೂರ್ತಿ ಕಪ್ಪು ಬಳಿಯಲು ಹೊರಟಳು. ಬೋರಣ್ಣ ಬಂದು ಕೈ ಹಿಡಿದ.

"ಕೆಡಿಸ್ಬ್ಯಾಡ ಕಣೆ. ಒಂದ್ಸಲ ಈ ಕಡೆ ತಿರುಗ್ಸಿ ಬರಿ. ಅವ್ಳ ಮುಖ ಮರ್ತೋಗೈತೆ ನಂಗೆ."

ನಾರಾಯಣಮ್ಮನಿಗೆ ಹೊಟ್ಟೆ ಉರಿಯಿತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಅವನಿಗೂ ಮರೆತುಹೋದ ಮುಖಕ್ಕಾಗಿ ತಾನು ಬದುಕೆಲ್ಲ ಪಕ್ಕಕ್ಕೆ ಸರಿದು ನಿಂತದ್ದು. ತಾನಂತೂ ಆ ಮುಖ ಕಂಡವಳೇ ಅಲ್ಲ. ಹಾಗಾದರೆ ನನ್ನದನ್ನೇ ಇಡುತ್ತೇನೆ, ಗುರುತು ಹಿಡಿಯಲಿ, ಇದು ನೀನಲ್ಲವೇನೇ ಎಂದು ಬಾಯಿ ಬಿಟ್ಟು ಹೇಳಲಿ ಎಂದು ಹಟ ಹುಟ್ಟಿತು.

ಬೀರುವಿನ ಕನ್ನಡಿಯ ಮುಂದೆ ಕೂತು ಬರೆದಳು. ಗೆರೆ ಎಳೆಯಲಿಲ್ಲ, ಹೂವಿಗೆ ಇಟ್ಟ ಹಾಗೇ ಬಣ್ಣ ಇಟ್ಟಳು. ಕೆನ್ನೆಗೆ ಅರಿಸಿನ, ಕಣ್ಣ ಕೆಳಗೆ ತುಸು ನೀಲಿ, ಓಲೆಯ ಭಾರಕ್ಕೆ ಜೋತ ಕಿವಿ, ಗಲ್ಲದ ಎಡಕ್ಕೆ ಕಪ್ಪು ಮಚ್ಚೆ. ನರೆಯನ್ನೂ ಬಿಡಲಿಲ್ಲ. ಹೇಮಶ್ರೀ ಬಂದವಳು ಬಾಗಿಲಿನಿಂದಲೇ, ಅಯ್ಯೋ ಆಂಟಿ, ನೀವೇ ಎದ್ದು ಬಂದ ಹಾಗಿದೆ ಎಂದಳು. ನಾರಾಯಣಮ್ಮನಿಗೆ ಧೈರ್ಯ ಬಂತು.

ಚಿತ್ರವನ್ನು ಗಂಡನ ಎದುರಿಗಿಟ್ಟು ಪಕ್ಕದಲ್ಲೇ ನಿಂತಳು. ಬೋರಣ್ಣ ಬಹಳ ಹೊತ್ತು ನೋಡಿದ. ಅವನ ಕಣ್ಣು ತುಂಬಿಬಂತು. ಇವಳು ಕಾದಳು.

"ಇವ್ಳೇ ಕಣೆ. ನನ್ ಗಂಗೀನೇ," ಎಂದ. "ಆ ಮಚ್ಚೇನೂ ಬಿಟ್ಟಿಲ್ವಲ್ಲ. ಯಾರೇಳಿದ್ರು ನಿಂಗೆ?"

ಅವಳ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಮಚ್ಚೆ ಅಲ್ಲೇ ಇತ್ತು. ಇಷ್ಟು ದಿನ ನೋಡಿ ನೋಡಿ ಅವನಿಗೆ ಇವಳದೇ ಅವಳದಾಯಿತೋ, ನಿಜವಾಗಿಯೂ ಅವಳಿಗೂ ಅಲ್ಲೇ ಇತ್ತೋ, ಅದನ್ನು ನೋಡಿಯೇ ಇವಳನ್ನು ಮನೆಗೆ ತಂದನೋ. ಕೇಳಿದರೆ ಹೇಳಿಯೂ ಬಿಟ್ಟಾನು ಎಂದು ಹೆದರಿ ಕೇಳಲಿಲ್ಲ.

ಊಟಕ್ಕೆ ಏಳಿ, ಹೊತ್ತಾಯಿತು ಎಂದಷ್ಟೇ ಹೇಳಿದಳು.

"ನೀ ಹೋಗಿರು," ಎಂದ ಬೋರಣ್ಣ, ಚಿತ್ರದ ಮೇಲಿನ ಕಣ್ಣು ಕೀಳದೆ. "ಇವ್ಳ್ ಜೊತೆ ಇನ್ನೊಂದ್ ಗಳಿಗೆ ಕೂತಿದ್ದು ಬತ್ತೀನಿ."

ನಾರಾಯಣಮ್ಮ ಒಳಗೆ ಹೋಗಿ ಅನ್ನದ ಪಾತ್ರೆ ಮುಚ್ಚಿಟ್ಟಳು.